ಮಣ್ಣಿನ ಲೆಕ್ಕ ನವಗೂ ಗೊಂತಾಯೆಕ್ಕು

ಕೊಲ್ಲಮೊಗ್ರಿಲಿ ಕೂದವಕ್ಕೆ ಕೈಗಾ ಅಣುಸ್ಥಾವರದ ಸುದ್ದಿ ಎಂತಕೆ ಹೇಳಿ ನಿಂಗೊ ಕೇಳುವಿ. ಕೂಸುಗಳ ಯಲ್ಲಾಪುರ, ಶಿರಸಿ ಹೊಡೆಂಗೆ ಕೊಟ್ಟ ಮನೆಗೊ ನಮ್ಮಲ್ಲಿ ಇಲ್ಲೆಯೋ? ಅವರ ಅಶನ, ಮಜ್ಜಿಗೆ ಆ ಹೊಡೆಯ ಮಣ್ಣಿಂದಲೇ ಅಲ್ಲದೋ?

ಪುತ್ತೂರಿಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು ಕೈಗಾ ಬೇಡ ಹೇಳಿ 1989ರಲ್ಲಿ ಉತ್ತರಕನ್ನಡಂದ ಲೋಕಸಭೆಗೇ ನಿಂದಿತ್ತವು. ಸೋತವು, ಸ್ಥಾವರ ಬಂತು. ಆದರೆ ಒಂದು ಒಳ್ಳೆ ಕೆಲಸ ಆಯಿದು. ಮೊದಲಾಣ ರಿಯಾಕ್ಟರು ಚಾಲು ಆದ್ದು 1999ರಲ್ಲಿ. ಅದಕ್ಕೂ ಮದಲೇ, 1991ರಿಂದ 94ರ ಒಳ, ಮಂಗಳೂರು ವಿಶ್ವವಿದ್ಯಾನಿಲಯದವು ಕೈಗಾದ ಸುತ್ತುಮುತ್ತ ವಿಕಿರಣ ಎಷ್ಟಿದ್ದು ಹೇಳಿ ಅಳದು ಬರದು ಮಡುಗಿದ್ದವು. ಸ್ಥಾವರ ಇಲ್ಲದ್ದ ಊರಿನ ಮಣ್ಣಿಲಿಯೂ ರಜ್ಜ ಸೀಸಿಯಂ-137 ಇರ್ತು. ದೊಡ್ಡ ದೇಶಂಗೊ ಹಿಂದೆ ಮಾಡಿದ ಅಣುಬಾಂಬಿನ ಪರೀಕ್ಷೆದು, ಮಳೆಯೊಟ್ಟಿಂಗೆ ಬಿದ್ದದು. ಹಳೇ ಲೆಕ್ಕ ಇಲ್ಲದ್ದರೆ 'ಇದು ಮದಲೇ ಇದ್ದದು' ಹೇಳಿ ಒಬ್ಬ, 'ಸ್ಥಾವರದ್ದೇ' ಹೇಳಿ ಇನ್ನೊಬ್ಬ, ಜಗಳ ಮುಗಿಯ. ನಿನ್ನಾಣ ಹಾಲಿನ ಲೆಕ್ಕ ಬರದು ಮಡುಗಿದರೇ ಅಲ್ಲದೋ ಇಂದು ಕಮ್ಮಿ ಆದ್ದು ಗೊಂತಪ್ಪದು?

ಈಗ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಪ್ರಯೋಗಾಲಯದವು ಸ್ಥಾವರದ ಸುತ್ತಾಣ ಮಣ್ಣು, ನೀರು, ಹಾಲು, ನೆಟ್ಟಿಕಾಯಿ, ಮೀನು ಎಲ್ಲ ಪರೀಕ್ಷೆ ಮಾಡ್ತವು. ಇದು ಎರಡು ವರ್ಷಲ್ಲಿ ಮುಗಿವ ಕೆಲಸ ಅಲ್ಲ. ಸೀಸಿಯಂ ಗುಣ ಪೊಟಾಶಿನ ಹಾಂಗೆ. ಮಣ್ಣಿಲಿ ಪೊಟಾಶು ಕಮ್ಮಿ ಆದರೆ ಗೆಡು ಇದರನ್ನೇ ಹೆಚ್ಚು ಎಳಕ್ಕೊಂಗು. ಅದು ಅರ್ಧ ಅಪ್ಪಲೆ 30 ವರ್ಷ ಬೇಕು, ಸೊಸೆ ಆಗಿ ಬಂದ ಕೂಸು ಅತ್ತೆ ಅಪ್ಪಷ್ಟು ಕಾಲ. 1986ರ ಚೆರ್ನೋಬಿಲ್ ದುರಂತದ ಮಳೆ ಬಿದ್ದ ಬ್ರಿಟನಿನ ವೇಲ್ಸ್ ಗುಡ್ಡೆಗಳಲ್ಲಿ ಕುರಿ ಮಾರ್ಲೆ ನಿರ್ಬಂಧ ಪೂರ್ತಿ ತೆಗದ್ದು 2012ರಲ್ಲಿ!

ಹೆದರುಸಲೆ ಬರದ್ದಲ್ಲ. ಬಾಳೆಹಣ್ಣಿಲಿಯೂ ರಜ್ಜ ವಿಕಿರಣ ಇದ್ದು. ಇದ್ದೋ ಇಲ್ಲೆಯೋ ಹೇಳ್ತದಲ್ಲ ಪ್ರಶ್ನೆ. ಎಷ್ಟಿದ್ದು, ಏರ್ತಾ ಇದ್ದೋ ಇಳಿತ್ತಾ ಇದ್ದೋ ಹೇಳ್ತದು.

ಹಾಂಗಾಗಿ ಎನ್ನ ಅಭಿಪ್ರಾಯ: ಆ ಅಂಕಿಗಳ ವರ್ಷವೂ ಪಂಚಾಯತು ಕಚೇರಿಲಿ, ಹಾಲಿನ ಸೊಸೈಟಿಲಿ ಕನ್ನಡಲ್ಲಿ ಅಂಟುಸೆಕ್ಕು. ಸ್ಥಾವರ ಬಪ್ಪ ಮದಲು ಎಷ್ಟು, ಕಳುದ ವರ್ಷ ಎಷ್ಟು, ಈ ವರ್ಷ ಎಷ್ಟು. ಮೂರು ಸಾಲು ಸಾಕು. ಸ್ಥಾವರಕ್ಕೆ ಸಂಬಂಧ ಇಲ್ಲದ್ದವೂ ಬೇರೆಯಾಗಿ ಅಳೆಯೆಕ್ಕು. ಅಡಿಗೆ ಮಾಡಿದವೇ ಲಾಯ್ಕಾಯಿದು ಹೇಳಿರೆ ಸಾಕೋ? ಉಂಡವು ಹೇಳೆಕ್ಕು.

ಕೈಗಾಲ್ಲಿ 700 ಮೆಗಾವಾಟಿನ ಇನ್ನೆರಡು ಘಟಕ ಬತ್ತಾ ಇದ್ದು. ಆ ಹೊಡೆಲಿಪ್ಪ ಅಕ್ಕ-ತಂಗೆಕ್ಕಳೇ, ಬಪ್ಪ ಗ್ರಾಮಸಭೆಲಿ ಈ ಮೂರು ಸಾಲಿನ ಕೇಳಿ. ಕೇಳುಲೆ ವಿಜ್ಞಾನ ಕಲ್ತಿರೆಕ್ಕು ಹೇಳಿ ಇಲ್ಲೆ.