ಕಾಲೇಜು ಬದಲಾವಣೆಯೂ ನಟನ ಶಿಕ್ಷಣವೂ

ಕಾಫಿ ಸೀಮೆಯಲ್ಲಿ ಆಟ ನೋಡದೆ ಬೆಳೆದ ಮಕ್ಕಳು ವಿರಳ. ಹಣ್ಣು ಕೊಯ್ಯುವ ಕಾಲಕ್ಕೇ ಯಕ್ಷಗಾನ ಮೇಳಗಳ ತಿರುಗಾಟವೂ ಕೂಡಿಬರುವುದರಿಂದ, ಹಗಲೆಲ್ಲ ತೋಟದಲ್ಲಿ ದುಡಿದವರು ರಾತ್ರಿ ಚೆಂಡೆಯ ಸದ್ದನ್ನು ಅರಸಿ ಹೊರಡುವುದು ಕಳಸ, ಮೂಡಿಗೆರೆಗಳ ಕಡೆ ಹೊಸತಲ್ಲ. ಇಂತಹ ಸೀಮೆಯ ತರುಣ ತರುಣಿಯರಿಗೆ ನಟನೆಯನ್ನೇ ವೃತ್ತಿಯಾಗಿ ಹಿಡಿಯಬೇಕೆಂಬ ಅಭಿಲಾಷೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕಾದರೆ ಓದುತ್ತಿರುವ ಬಿ.ಎ. ತರಗತಿಯನ್ನೇ ತೊರೆಯಬೇಕಾಗಿ ಬರುವುದು ಮಾತ್ರ ಶೋಚನೀಯ.

ಸಾಮಾನ್ಯ ಕಾಲೇಜಿನಲ್ಲಿ ನಾಟಕವೆಂದರೆ ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಮುಂಚೆ ಆರಂಭವಾಗಿ ಮರುದಿನವೇ ಮರೆತುಹೋಗುವ ಸಂಗತಿ. ನಟನಿಗೆ ಬೇಕಾದುದು ಬೇರೆ. ಕಂಠ, ದೇಹ, ನಡೆ, ನುಡಿ ಇವೆಲ್ಲ ದಿನನಿತ್ಯದ ಸಾಧನೆಯಿಂದ ಪಳಗಬೇಕು. ಬಾಳೆಹೊನ್ನೂರು, ಕೊಪ್ಪ, ತೀರ್ಥಹಳ್ಳಿಗಳನ್ನು ದಾಟಿ ಸಾಗರದ ಬಳಿಯ ಹೆಗ್ಗೋಡಿಗೆ ಹೋದರೆ ಅದು ಹೇಗೆಂಬುದನ್ನು ಕಾಣಬಹುದು. 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ದೂರದೃಷ್ಟಿಯಿಂದ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ವಿದ್ಯಾರ್ಥಿಗಳು ಅಲ್ಲಿಯೇ ವಾಸವಿದ್ದು ಬೆಳಗಿನಿಂದ ರಾತ್ರಿಯವರೆಗೆ ಕಲಿಯುತ್ತಾರೆ. ಪ್ರಸಾಧನ, ಬೆಳಕು, ರಂಗಸಜ್ಜಿಕೆಗಳಿಗೂ ಅವರೇ ಕೈಹಾಕುತ್ತಾರೆ. ಮೈಸೂರಿನ ರಂಗಾಯಣದಲ್ಲಿಯೂ ರಂಗಶಿಕ್ಷಣವುಂಟು. ಇನ್ನು ಕೆಲವರು ಪದವಿ ಕಾಲೇಜನ್ನೇ ಮೈಸೂರಿಗೋ ಬೆಂಗಳೂರಿಗೋ ಬದಲಾಯಿಸಿಕೊಂಡು, ಸಂಜೆ ಹವ್ಯಾಸಿ ತಂಡಗಳನ್ನು ಸೇರುತ್ತಾರೆ. ಇದು ತಕ್ಕಮಟ್ಟಿಗೆ ಉಪಕಾರಿಯಾದರೂ, ದಣಿದ ದೇಹದ ಎರಡು ಗಂಟೆಗಳ ಅಭ್ಯಾಸವು ಪೂರ್ಣಕಾಲದ ಶಿಕ್ಷಣಕ್ಕೆ ಸಮನಾಗದು.

ಹಾಗಾದರೆ ಕಾಲೇಜು ಬಿಟ್ಟು ಹೋಗುವುದೇ ಲೇಸೆ? ಇಲ್ಲಿಯೇ ತೊಡಕು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣಕ್ಕೆ ಪದವೀಧರರನ್ನೇ ತೆಗೆದುಕೊಳ್ಳುತ್ತಾರೆ. ಉತ್ಸಾಹದ ಭರದಲ್ಲಿ ಬಿ.ಎ. ಬಿಟ್ಟು ಮರಳಿ ಬಾರದವನು, ತಾನು ಯಾವ ವಿದ್ಯೆಗಾಗಿ ಬಿಟ್ಟನೋ ಅದೇ ವಿದ್ಯೆಯ ಹಿರಿಯ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಯಿತು. ತೋಟದ ಮಾಲಿಕರ ಮಗನಿಗೆ ಒಂದು ವರ್ಷ ಕಳೆದುಹೋದರೆ ಮನೆ ತಡೆದೀತು. ಕೂಲಿ ಲೈನಿನಲ್ಲಿ ಹುಟ್ಟಿ, ಮನೆತನದಲ್ಲಿಯೇ ಮೊದಲಿಗಳಾಗಿ ಕಾಲೇಜು ಮೆಟ್ಟಿಲೇರಿದ ಹುಡುಗಿಯ ಗತಿಯೇನು? ಒಮ್ಮೆ ಬಿಟ್ಟ ಓದಿಗೆ ಅವಳನ್ನು ಮತ್ತೆ ಕಳುಹಿಸುವವರು ಯಾರು?

ಈ ಸಂದರ್ಭದಲ್ಲಿ ಬಿ.ವಿ. ಕಾರಂತರ ಜೀವನ ನೆನಪಿಗೆ ಬರುತ್ತದೆ. ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಅವರನ್ನು ವೀರಣ್ಣನವರೇ ಮುಂದೆ ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ತರುವಾಯ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದಕ್ಕೇ ನಿರ್ದೇಶಕರಾದರು. 1989ರಲ್ಲಿ ರಂಗಾಯಣವನ್ನು ಕಟ್ಟಿದರು. ರಂಗವೂ ಓದೂ ಒಂದಕ್ಕೊಂದು ಶತ್ರುಗಳಲ್ಲವೆಂದು ಕಂಪನಿಯ ಯಜಮಾನರೊಬ್ಬರು ಅರಿತಿದ್ದರು. ವಿಶ್ವವಿದ್ಯಾಲಯಗಳಿಗೆ ಇದು ತಿಳಿಯದ ವಿಷಯವೆಂದು ನಂಬಲು ನಮಗೆ ಮನಸ್ಸಾಗದು.

ಚಿಕ್ಕಮಗಳೂರು ಜಿಲ್ಲೆಯೂ ಹೆಗ್ಗೋಡು ಇರುವ ಶಿವಮೊಗ್ಗ ಜಿಲ್ಲೆಯೂ ಒಂದೇ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡುವ ಬ್ಯಾಂಕಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿಯೇ ನಿಯಮ ರೂಪಿಸಿದೆ. ರಾಜ್ಯದ ಪದವಿ ಶಿಕ್ಷಣವು ಅದೇ ವರ್ಷ ನಾಲ್ಕು ವರ್ಷದ ಕ್ರಮಕ್ಕೆ ಹೊರಳಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಇಷ್ಟೆಲ್ಲ ಹೊರಳಾಟಕ್ಕೆ ಅವಕಾಶವಿದ್ದ ಮೇಲೆ, ರಂಗಶಾಲೆಯಲ್ಲಿ ಕಲಿತುದನ್ನು ತಕ್ಕ ಪರೀಕ್ಷೆಯ ಬಳಿಕ ಪದವಿಗೆ ಎಣಿಸಲೂ, ಹೋದ ವಿದ್ಯಾರ್ಥಿಗೆ ಬಿಟ್ಟ ಸ್ಥಾನವನ್ನೇ ಮರಳಿ ಕೊಡಲೂ ಅಡ್ಡಿಯೇನು?

ಅಲ್ಲಿಯವರೆಗೆ, ಕೊನೆಯ ವರ್ಷದಲ್ಲಿರುವವರು ಪದವಿಯನ್ನು ಮುಗಿಸಿಯೇ ಹೋಗಲಿ. ಮೊದಲ ವರ್ಷದವರು ಮರಳುವ ದಾರಿಯನ್ನು ಪ್ರಾಂಶುಪಾಲರಿಂದ ಬರಹದಲ್ಲಿ ಪಡೆದು ಹೊರಡಲಿ. ತಾಯಿತಂದೆಗಳು ನಾಟಕವೆಂದೊಡನೆ ಹೌಹಾರುವುದನ್ನು ಬಿಟ್ಟು ಒಮ್ಮೆ ಹೆಗ್ಗೋಡಿಗೆ ಹೋಗಿ ನೋಡಿ ಬರುವುದು ಉಚಿತ. ವಿಶ್ವವಿದ್ಯಾಲಯದ ಹೊಣೆಯಾದರೋ ಇವೆಲ್ಲಕ್ಕಿಂತ ಹಿರಿದು. ನಾವು ಕೇಳುತ್ತಿರುವ ನಿಯಮಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಶೈಕ್ಷಣಿಕ ಮಂಡಳಿಯ ಒಂದು ನಿರ್ಣಯ ಸಾಕು. ಕುಲಪತಿಗಳು ಮುಂದಿನ ಪ್ರವೇಶಕಾಲಕ್ಕೆ ಮುಂಚಿತವಾಗಿಯೇ ಇದನ್ನು ಮಂಡಳಿಯ ಮುಂದಿಡುವರೆಂದು ನಿರೀಕ್ಷಿಸುತ್ತೇವೆ.