ರೋಗವಷ್ಟೇ ಅಲ್ಲ, ರೋಗಿ

ದೇಹ ಮತ್ತು ಆತ್ಮಗಳೆರಡೂ ಕೂಡಿ ಒಬ್ಬ ಮಾನವನೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಈ ಸತ್ಯವನ್ನು ರೋಗಶಯ್ಯೆಯ ಬಳಿ ಕಂಡುಕೊಂಡವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಸಮಾಜಸೇವಕಿಯಾಗಿ ಮರಣಾಸನ್ನರ ಸಂಕಟವನ್ನರಿತ ಅವರು 1957ರಲ್ಲಿ ವೈದ್ಯೆಯಾದರು. ಲಂಡನ್ನಿನಲ್ಲಿ ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಸಂತ ಜೋಸೆಫರ ಶುಶ್ರೂಷಾಲಯದಲ್ಲಿ ದುಡಿದು, 1967ರಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಶುಶ್ರೂಷಾಲಯವನ್ನು ತೆರೆದರು. ಮಾರ್ಫಿನನ್ನು ವೇಳೆಗೆ ಸರಿಯಾಗಿ ಕೊಡುತ್ತಲೇ, ರೋಗಿಯ ಭಯ, ಕುಟುಂಬದ ಚಿಂತೆ, ದೇವರ ಕುರಿತ ಸಂದೇಹ ಇವೆಲ್ಲವನ್ನೂ ನೋವೆಂದೇ ಪರಿಗಣಿಸಿದರು.

ನಾವಾದರೋ ರೋಗಿಯಿಂದ ಸತ್ಯವನ್ನು ಮರೆಮಾಚಿ, ಪ್ರಜ್ಞೆ ತಪ್ಪಿದ ಮೇಲೆ ಗುರುಗಳನ್ನು ಕರೆಯುತ್ತೇವೆ. ಅಭ್ಯಂಗ ಸಂಸ್ಕಾರವು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಾರಿತು. ರೋಗಿಗೆ ಮಾತನಾಡುವ ಶಕ್ತಿಯಿರುವಾಗಲೇ ಗುರುಗಳನ್ನು ಕರೆಯೋಣ. ಅದಕ್ಕೂ ಮುನ್ನ ಮಂಚದ ಬಳಿ ನಾವೇ ಕುಳಿತು ಆಲಿಸೋಣ.