ಬರೆಯದೆ ಉಳಿದ ಅಭಿಪ್ರಾಯದ ಬೆಲೆ

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಸರ್ಕಾರಿ ಸ್ವಾಮ್ಯದ ನಿಗಮವೊಂದರಲ್ಲಿ ನಾನು ಹಣಕಾಸು ವಿಭಾಗದ ಹೊಣೆ ಹೊತ್ತಿದ್ದೆ. ದೊಡ್ಡ ಗುತ್ತಿಗೆಯೊಂದರ ಕರಾರುಪತ್ರ ಪರಿಶೀಲನೆಗಾಗಿ ಕಾನೂನು ಅಧಿಕಾರಿಯ ಮೇಜಿಗೆ ಹೋಯಿತು. ಅವರು ಎರಡು ಪುಟಗಳ ಕರಡು ಟಿಪ್ಪಣಿ ಸಿದ್ಧಪಡಿಸಿ, ಅದರಲ್ಲಿನ ಒಂದು ಷರತ್ತು ಮುಂದೆ ನಿಗಮಕ್ಕೇ ಮುಳುವಾಗಬಹುದೆಂದು ಎಚ್ಚರಿಸಿದರು. ಅದನ್ನು ಓದಿದ ಮೇಲಧಿಕಾರಿ ಹೇಳಿದ್ದು ಇಷ್ಟೇ: ‘ಇದನ್ನೆಲ್ಲ ಬರೆಯಬೇಕಿತ್ತೇ? ನಾಳೆ ವ್ಯಾಜ್ಯವಾದರೆ ಈ ಕಾಗದವೇ ಎದುರು ಪಕ್ಷದ ಕೈಗೆ ಅಸ್ತ್ರವಾಗುತ್ತದೆ.’ ಟಿಪ್ಪಣಿ ಕರಡಾಗಿಯೇ ಉಳಿಯಿತು. ಕಡತದಲ್ಲಿ ‘ಕಾನೂನಿನ ಆಕ್ಷೇಪಣೆ ಇಲ್ಲ’ ಎಂಬ ಒಂದೇ ಸಾಲು ಬಂದು ಕುಳಿತಿತು. ಅದರ ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕೆಲವೇ ವರ್ಷಗಳಲ್ಲಿ ಪ್ರಕರಣ ಮಧ್ಯಸ್ಥಗಾರರ ಮುಂದೆ ಹೋಯಿತು. ಅದೇ ಷರತ್ತಿನ ಕಾರಣದಿಂದ ನಿಗಮ ಹಣ ತೆತ್ತಿತು. ಆ ಹಣ ಯಾರ ಜೇಬಿನದೆಂದು ಬಿಡಿಸಿ ಹೇಳಬೇಕಿಲ್ಲ.

2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಓದುವಾಗ ಆ ಎರಡು ಪುಟಗಳು ನೆನಪಾದವು. ತನಿಖಾ ಸಂಸ್ಥೆಗಳು ಕಕ್ಷಿದಾರರ ಪರವಾಗಿ ಸಲಹೆ ನೀಡಿದ ವಕೀಲರಿಗೇ ಸಮನ್ಸ್ ಕಳುಹಿಸತೊಡಗಿದ್ದರಿಂದ ಎದ್ದ ವಿವಾದವನ್ನು ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು. ವಕೀಲ ಮತ್ತು ಕಕ್ಷಿದಾರರ ನಡುವಿನ ಗೋಪ್ಯತೆಯನ್ನು ಅದು ಎತ್ತಿಹಿಡಿಯಿತು. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಅನುಮತಿ ಇಲ್ಲದೆ ತನಿಖಾಧಿಕಾರಿ ವಕೀಲರಿಗೆ ಸಮನ್ಸ್ ನೀಡುವಂತಿಲ್ಲ ಎಂದಿತು. ಇದು ಸ್ವಾಗತಾರ್ಹ. ಆದರೆ ಅದೇ ತೀರ್ಪು ಮತ್ತೊಂದು ಬಾಗಿಲನ್ನು ಮುಚ್ಚಿತು. ಕಂಪನಿಗಳ ಸಂಬಳದ ಮೇಲಿರುವ ಆಂತರಿಕ ಕಾನೂನು ಸಲಹೆಗಾರರಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನ ರಕ್ಷಣೆ ದೊರೆಯದು. ಅವರು ಹೊರಗಿನ ವಕೀಲರೊಡನೆ ನಡೆಸುವ ಗೋಪ್ಯ ವ್ಯವಹಾರಕ್ಕೆ 134ನೆಯ ಕಲಮಿನಡಿ ರಕ್ಷಣೆಯುಂಟು. ತಮ್ಮ ಕಂಪನಿಗೆ ತಾವೇ ನೀಡಿದ ಸಲಹೆಗೆ ಇಲ್ಲ.

ಕಾನೂನಿನ ದೃಷ್ಟಿಯಿಂದ ಈ ತೀರ್ಮಾನ ಆಶ್ಚರ್ಯಕರವೇನಲ್ಲ. 1961ರ ವಕೀಲರ ಕಾಯಿದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ 49ನೆಯ ನಿಯಮದಂತೆ, ವೃತ್ತಿಯಲ್ಲಿರುವ ವಕೀಲ ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರನಾಗುವಂತಿಲ್ಲ. ನೌಕರಿಗೆ ಸೇರಿದೊಡನೆ ವಕೀಲಿಕೆಯನ್ನು ಬಿಡಬೇಕು. ಸಂಬಳ ಕೊಡುವವನ ಮರ್ಜಿಯಲ್ಲಿರುವವನಿಗೆ ವಕೀಲನ ಸ್ವಾತಂತ್ರ್ಯ ಇರಲಾರದು ಎಂಬುದು ಇದರ ಹಿಂದಿನ ತರ್ಕ. ಯುರೋಪಿನ ನ್ಯಾಯಾಲಯವೂ 2010ರಲ್ಲಿ ಅಕ್ಜೋ ನೊಬೆಲ್ ಪ್ರಕರಣದಲ್ಲಿ ಇದೇ ತರ್ಕವನ್ನು ಮುಂದಿಟ್ಟು, ಯುರೋಪಿಯನ್ ಆಯೋಗದ ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಆಂತರಿಕ ವಕೀಲರಿಗೆ ಈ ಗೋಪ್ಯತೆ ಇಲ್ಲವೆಂದಿತ್ತು.

ನನ್ನ ಪ್ರಶ್ನೆ ತರ್ಕದ್ದಲ್ಲ, ಪರಿಣಾಮದ್ದು. ಮಾಹಿತಿಗೂ ಒಂದು ಬೆಲೆಯಿದೆ ಎನ್ನುತ್ತದೆ ಅರ್ಥಶಾಸ್ತ್ರ. ಆ ಬೆಲೆ ಹೆಚ್ಚಿದರೆ ಬೇಡಿಕೆ ಕುಗ್ಗುತ್ತದೆ. ಬರೆದಿಟ್ಟ ಸಲಹೆಯೇ ನಾಳೆ ದೋಷಾರೋಪಕ್ಕೆ ಆಧಾರವಾಗುವುದಾದರೆ, ವಿವೇಕಿಯಾದ ವ್ಯವಸ್ಥಾಪಕ ಬರಹದಲ್ಲಿ ಸಲಹೆ ಕೇಳುವುದೇ ಇಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯಡಿ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಲ್ಲದು. ಸೆಬಿ, ಸ್ಪರ್ಧಾ ಆಯೋಗ, ರಿಸರ್ವ್ ಬ್ಯಾಂಕುಗಳ ನಿಯಮಗಳು ಬೇರೆ. ‘ಇದು ಕಾನೂನುಬಾಹಿರ, ನಿಲ್ಲಿಸಿ’ ಎಂದು ಮೊದಲು ಹೇಳಬೇಕಾದವನು ಕಂಪನಿಯ ಒಳಗಿರುವ ಈ ಸಲಹೆಗಾರನೇ. ಹೊರಗಿನ ವಕೀಲನನ್ನು ಕರೆಯುವುದು ಬಹುತೇಕ ತಪ್ಪು ನಡೆದುಹೋದ ಮೇಲೆ.

ಗೋಪ್ಯತೆ ಕೊಟ್ಟರೆ ಕಂಪನಿಗಳು ವಂಚನೆಯನ್ನು ಅದರ ಮರೆಯಲ್ಲಿ ಬಚ್ಚಿಡುವುದಿಲ್ಲವೇ ಎಂದು ಕೇಳಬಹುದು. 2009ರ ಸತ್ಯಂ ಹಗರಣವನ್ನು ಕಂಡ ನಾವು ಈ ಸಂಶಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರ 132ನೆಯ ಕಲಮಿನಲ್ಲಿಯೇ ಇದೆ. ಕಾನೂನುಬಾಹಿರ ಉದ್ದೇಶಕ್ಕಾಗಿ ನಡೆದ ಮಾತುಕತೆಗೆ, ತನ್ನ ಸೇವೆ ಆರಂಭವಾದ ಮೇಲೆ ಅಪರಾಧ ಅಥವಾ ವಂಚನೆ ನಡೆದಿದೆಯೆಂದು ತೋರಿಸುವ ಸಂಗತಿಯನ್ನು ವಕೀಲ ಗಮನಿಸಿದಾಗ ಅದಕ್ಕೆ, ಅಲ್ಲಿ ರಕ್ಷಣೆಯಿಲ್ಲ. ಹೊರಗಿನ ವಕೀಲನಿಗೆ ಸಾಕಾದ ಈ ಬೇಲಿ ಒಳಗಿನವನಿಗೂ ಸಾಕು.

ಸಂಬಳವೇ ಅಡ್ಡಿಯಾದರೆ ಪರಿಹಾರ ಸಂಬಳದಾರನನ್ನು ಹೊರಗಿಡುವುದಲ್ಲ, ಅವನಿಗೆ ಸ್ವಾತಂತ್ರ್ಯದ ಆಧಾರ ಒದಗಿಸುವುದು. 2013ರ ಕಂಪನಿ ಕಾಯಿದೆ ಲೆಕ್ಕಪರಿಶೋಧಕರಿಗೆ ವಂಚನೆಯನ್ನು ವರದಿ ಮಾಡುವ ಹೊಣೆ ವಹಿಸಿದೆ. ಕಂಪನಿ ಕಾರ್ಯದರ್ಶಿಗೆ ಶಾಸನಬದ್ಧ ಸ್ಥಾನ ನೀಡಿದೆ. ಕಾನೂನು ಸಲಹೆಗಾರನ ಹುದ್ದೆಗೆ ಅಂಥ ಸ್ಥಾನವಿಲ್ಲ. ಬೆಲ್ಜಿಯಂ 2000ದ ಮಾರ್ಚ್ 1ರ ಕಾನೂನಿನ ಮೂಲಕ ಕಂಪನಿ ವಕೀಲರಿಗಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಅದರ ಸದಸ್ಯರು ತಮ್ಮ ಕಂಪನಿಗೆ ನೀಡುವ ಸಲಹೆಯನ್ನು ಗೋಪ್ಯವೆಂದು ಪರಿಗಣಿಸಿದೆ. ಅಮೆರಿಕದಲ್ಲಿ ಕಂಪನಿಯ ನೌಕರರು ಕಾನೂನು ಸಲಹೆಗಾಗಿ ಅದರ ವಕೀಲರೊಡನೆ ನಡೆಸುವ ಸಂವಾದಕ್ಕೆ 1981ರ ಅಪ್‌ಜಾನ್ ತೀರ್ಪಿನ ಬಲವಿದೆ. ಬೆಂಗಳೂರಿನಲ್ಲಿ ಕುಳಿತು ವಿದೇಶಿ ಮಾತೃಸಂಸ್ಥೆಗಳಿಗಾಗಿ ಅಭಿಪ್ರಾಯ ಬರೆಯುವ ನಮ್ಮ ಯುವ ಕಾನೂನು ಪದವೀಧರರು ಈ ವ್ಯತ್ಯಾಸವನ್ನು ನಿತ್ಯ ಎದುರಿಸಬೇಕಾಗಿದೆ.

ಸಂಸತ್ತು ಮೂರು ಕೆಲಸಗಳನ್ನು ಮಾಡಬಹುದು. ಇಂಥ ಸಲಹೆಗಾರರಿಗೆ ವಕೀಲರ ಪರಿಷತ್ತಿನ ಶಿಸ್ತಿಗೊಳಪಟ್ಟ ಪ್ರತ್ಯೇಕ ನೋಂದಣಿ ಪಟ್ಟಿ; ಆಡಳಿತ ಮಂಡಳಿಯ ಲಿಖಿತ ಕಾರಣವಿಲ್ಲದೆ ಕಾನೂನು ವಿಭಾಗದ ಮುಖ್ಯಸ್ಥರನ್ನು ತೆಗೆಯುವಂತಿಲ್ಲ ಎಂಬ ನಿಯಮ; ಈ ಎರಡಕ್ಕೂ ಒಳಪಟ್ಟವರ ಕಾನೂನು ಸಲಹೆಗೆ ಮಾತ್ರ ಗೋಪ್ಯತೆ. ವ್ಯಾಪಾರದ ಸಲಹೆಗೆ ಅದು ಬೇಕಿಲ್ಲ.

ಆ ಕಾನೂನು ಅಧಿಕಾರಿ ಮುಂದೆ ಯಾವ ಕಡತದಲ್ಲಿಯೂ ಎರಡು ಪುಟ ಬರೆದದ್ದನ್ನು ನಾನು ನೋಡಲಿಲ್ಲ. ಕೇಳಿದಾಗಲೆಲ್ಲ ಒಂದೇ ಸಾಲು ಬರೆದು ಕಳುಹಿಸುತ್ತಿದ್ದರು. ಅವರನ್ನು ನಾನು ದೂಷಿಸಲಾರೆ. ಅಂದು ಅವರ ಪರವಾಗಿ ಒಂದು ಮಾತನ್ನೂ ಆಡದ ನನಗೆ ಆ ಅಧಿಕಾರವಿಲ್ಲ.